ತೂಕ ಮತ್ತು ಅಳತೆ: ದಿನನಿತ್ಯದ ಖರೀದಿಯಲ್ಲಿ ಗ್ರಾಹಕರು ಗಮನಿಸಬೇಕಾದ ಅಂಶಗಳು

ಸಂತೆಯ ತರಕಾರಿ, ಕಿರಾಣಿ ಅಂಗಡಿಯ ಬೇಳೆ, ಮನೆ ಬಾಗಿಲಿಗೆ ಬರುವ ಅಡುಗೆ ಅನಿಲ, ಬಂಕಿನ ಪೆಟ್ರೋಲ್ ಇವೆಲ್ಲವನ್ನೂ ಗ್ರಾಹಕರು ತೂಕ ಅಥವಾ ಅಳತೆಯ ಮೇಲಿನ ನಂಬಿಕೆಯಿಂದ ಖರೀದಿಸುತ್ತಾರೆ. ಬೆಲೆಯ ಬಗ್ಗೆ ಚೌಕಾಸಿ ಮಾಡುವವರು ಅನೇಕರು. ತಕ್ಕಡಿಯತ್ತ ನೋಡುವವರು ಕೆಲವರು ಮಾತ್ರ. ಒಂದು ಕಿಲೋಗ್ರಾಂನಲ್ಲಿ 50 ಗ್ರಾಂ ಕಡಿಮೆಯಾದರೆ ಕೈಗೆ ತಿಳಿಯುವುದಿಲ್ಲ. ಆದರೆ ತಿಂಗಳಿಗೆ 40 ಕಿ.ಗ್ರಾಂ ದಿನಸಿ ಮತ್ತು ತರಕಾರಿ ಕೊಳ್ಳುವ ಕುಟುಂಬಕ್ಕೆ ಇದರಿಂದಾಗುವ ನಷ್ಟ ತಿಂಗಳಿಗೆ 2 ಕಿ.ಗ್ರಾಂ, ವರ್ಷಕ್ಕೆ 24 ಕಿ.ಗ್ರಾಂ. ದಿನಗೂಲಿಯಿಂದ ಜೀವನ ಸಾಗಿಸುವ ಕುಟುಂಬಕ್ಕೆ ಇದು ಅಲ್ಪ ನಷ್ಟವಲ್ಲ. ಮನೆಗೆ ಬಂದ ನಂತರ ಕೊರತೆಯನ್ನು ಸಾಬೀತುಪಡಿಸುವುದು ಕಷ್ಟವಾದುದರಿಂದ, ತೂಗುವ ಸಮಯದಲ್ಲಿಯೇ ಗಮನಿಸುವುದು ಅವಶ್ಯಕ.

ಕಾನೂನಿನ ಹಿನ್ನೆಲೆ

ಹಿಂದೆ ಬಳಕೆಯಲ್ಲಿದ್ದ ಸೇರು, ಪಾವು, ಮಣ ಮುಂತಾದ ಅಳತೆಗಳು ಊರಿನಿಂದ ಊರಿಗೆ ಭಿನ್ನವಾಗಿದ್ದವು. ದೇಶದಾದ್ಯಂತ ಏಕರೂಪತೆ ತರುವ ಉದ್ದೇಶದಿಂದ 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಳವಡಿಸಿಕೊಳ್ಳಲಾಯಿತು. ಪ್ರಸ್ತುತ ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009 ಜಾರಿಯಲ್ಲಿದ್ದು, ಇದು 2011ರ ಏಪ್ರಿಲ್ 1ರಿಂದ ಅನ್ವಯವಾಗಿದೆ. ಇದರಂತೆ ವ್ಯಾಪಾರದಲ್ಲಿ ಬಳಸುವ ತೂಕ, ಅಳತೆ ಮತ್ತು ತಕ್ಕಡಿಗಳನ್ನು ನಿಯತಕಾಲಿಕವಾಗಿ ಪರಿಶೀಲನೆಗೆ ಒಳಪಡಿಸಿ ಮುದ್ರೆ ಹಾಕಿಸತಕ್ಕದ್ದು.

ತಕ್ಕಡಿಯ ಮುಂದೆ

1. ವಿದ್ಯುನ್ಮಾನ ತಕ್ಕಡಿಯ ಅಂಕಿಗಳು ಗ್ರಾಹಕರಿಗೆ ಕಾಣುವಂತಿರಬೇಕು. ವಸ್ತುವನ್ನು ಇಡುವ ಮೊದಲು ಸೊನ್ನೆ ಇರುವುದನ್ನು ನೋಡಬೇಕು. ತಕ್ಕಡಿಯು ಓರೆಯಾದ ಜಾಗದಲ್ಲಿದ್ದರೆ ಅಥವಾ ಫ್ಯಾನಿನ ಗಾಳಿ ನೇರವಾಗಿ ಬೀಸುತ್ತಿದ್ದರೆ, ವ್ಯಾಪಾರಿಯ ಉದ್ದೇಶವಿಲ್ಲದಿದ್ದರೂ ತೂಕದಲ್ಲಿ ವ್ಯತ್ಯಾಸ ಬರಬಹುದು.

2. ಕೈ ತಕ್ಕಡಿಯಾಗಿದ್ದಲ್ಲಿ ಖಾಲಿ ತಟ್ಟೆಗಳು ಸಮನಾಗಿ ನಿಲ್ಲಬೇಕು. ತಟ್ಟೆಯ ತಳಕ್ಕೆ ಹುಣಸೆಹಣ್ಣು, ಮೇಣ ಅಥವಾ ಅಯಸ್ಕಾಂತ ಅಂಟಿಸಿದ್ದರೆ ಇದರಿಂದ ತಿಳಿಯುತ್ತದೆ. ಇನ್ನೂ ಸಂದೇಹವಿದ್ದರೆ ವಸ್ತು ಮತ್ತು ತೂಕದ ಬಟ್ಟುಗಳನ್ನು ಅದಲು ಬದಲು ಮಾಡಿ ತೂಗಿಸಬಹುದು. ಆಗಲೂ ಸಮನಾಗಿ ನಿಂತರೆ ತಕ್ಕಡಿ ಸರಿಯಾಗಿದೆ ಎಂದರ್ಥ.

3. ಕಲ್ಲು, ಇಟ್ಟಿಗೆ, ಬೋಲ್ಟ್ ಇತ್ಯಾದಿಗಳನ್ನು ತೂಕದ ಬಟ್ಟಾಗಿ ಬಳಸುವಂತಿಲ್ಲ. ಎರಕದ ಕಬ್ಬಿಣದ ಬಟ್ಟಿನಲ್ಲಿ ಸೀಸ ತುಂಬಿದ ಕುಳಿ ಇದ್ದು, ಅದರ ಮೇಲೆ ಪರಿಶೀಲನೆಯ ಮುದ್ರೆ ಇರುತ್ತದೆ. ಆ ಕುಳಿ ಬರಿದಾಗಿದ್ದರೆ ಸಂದೇಹಪಡಲು ಕಾರಣವಿದೆ.

4. ಸಿಹಿತಿಂಡಿಯ ಪೆಟ್ಟಿಗೆಯ ತೂಕವನ್ನು ತಿಂಡಿಯ ತೂಕದಲ್ಲಿ ಸೇರಿಸಬಾರದು. ಮೊದಲು ಖಾಲಿ ಪೆಟ್ಟಿಗೆಯನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತಂದ ನಂತರ ತೂಗುವಂತೆ ಕೇಳಬೇಕು.

5. ಅಂಗಡಿಯಲ್ಲಿರುವ ಒಂದು ಕಿಲೋಗ್ರಾಂ ಉಪ್ಪಿನ ಪೊಟ್ಟಣವನ್ನು ತಕ್ಕಡಿಯ ಮೇಲೆ ಇಟ್ಟು ನೋಡುವುದು ಸುಲಭದ ಪರೀಕ್ಷೆ. ಹೊದಿಕೆಯ ತೂಕವೂ ಸೇರುವುದರಿಂದ ಅದು ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು ತೋರಿಸಬೇಕು.

6. ಹೂವಿನ ವ್ಯಾಪಾರದಲ್ಲಿ ಮೊಳ, ಮಾರು ಎಂಬ ರೂಢಿ ಇಂದಿಗೂ ಉಳಿದಿದೆ. ಮೊಳವು ಅಳೆಯುವವರ ಕೈಯ ಉದ್ದವನ್ನು ಅವಲಂಬಿಸಿರುತ್ತದೆ. ಆದುದರಿಂದ ಬೆಲೆಯ ಜೊತೆಗೆ ಉದ್ದವನ್ನೂ ಹೋಲಿಸಿ ನೋಡುವುದು ಒಳಿತು.

ಅಡುಗೆ ಅನಿಲ ಮತ್ತು ಪೆಟ್ರೋಲ್

ಗೃಹಬಳಕೆಯ ದೊಡ್ಡ ಸಿಲಿಂಡರಿನಲ್ಲಿ 14.2 ಕಿ.ಗ್ರಾಂ ಅನಿಲವಿರಬೇಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ನಮೂದಿಸಲಾಗಿರುತ್ತದೆ. ಉದಾಹರಣೆಗೆ, ಅದು 15.3 ಕಿ.ಗ್ರಾಂ ಇದ್ದಲ್ಲಿ ತುಂಬಿದ ಸಿಲಿಂಡರಿನ ತೂಕ 29.5 ಕಿ.ಗ್ರಾಂ ಆಗಬೇಕು. ಪಡೆಯುವ ಮುನ್ನ ತೂಗಿ ತೋರಿಸುವಂತೆ ವಿತರಿಸುವವರನ್ನು ಕೇಳುವುದು ಗ್ರಾಹಕರ ಹಕ್ಕು. ಮುಚ್ಚಳದ ಸೀಲು ಭದ್ರವಾಗಿದೆಯೇ ಎಂಬುದನ್ನೂ ನೋಡಬೇಕು.

ಪೆಟ್ರೋಲ್ ಬಂಕಿನಲ್ಲಿ ಇಂಧನ ತುಂಬುವ ಮುನ್ನ ಯಂತ್ರವು ಸೊನ್ನೆ ತೋರಿಸುತ್ತಿರಬೇಕು. ಪ್ರಮಾಣದ ಬಗ್ಗೆ ಸಂದೇಹವಿದ್ದಲ್ಲಿ ಬಂಕಿನಲ್ಲಿರುವ 5 ಲೀಟರಿನ ಪರಿಶೀಲಿತ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸುವಂತೆ ಕೇಳಬಹುದು.

ಪೊಟ್ಟಣದ ವಸ್ತುಗಳು

ಪೊಟ್ಟಣದ ಮೇಲೆ ತಯಾರಕರ ಅಥವಾ ಪೊಟ್ಟಣ ಕಟ್ಟಿದವರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಸಲ್ಲಿಸಲು ಸಂಪರ್ಕ ವಿವರ ಇರಬೇಕು. ಬೆಲೆಗಿಂತ ಮೊದಲು ಪ್ರಮಾಣವನ್ನು ಓದುವುದು ಉತ್ತಮ ಅಭ್ಯಾಸ. 450 ಗ್ರಾಂ ಪೊಟ್ಟಣಕ್ಕೆ ರೂ. 54, 500 ಗ್ರಾಂ ಪೊಟ್ಟಣಕ್ಕೆ ರೂ. 58 ಇದ್ದರೆ ಮೊದಲನೆಯದು ಅಗ್ಗವೆಂದು ತೋರುತ್ತದೆ. ಆದರೆ ಕಿಲೋಗ್ರಾಂ ಲೆಕ್ಕದಲ್ಲಿ ಮೊದಲನೆಯದಕ್ಕೆ ರೂ. 120, ಎರಡನೆಯದಕ್ಕೆ ರೂ. 116 ಆಗುತ್ತದೆ. ಅದೇ ರೀತಿ, ಒಂದು ಲೀಟರ್ ಅಡುಗೆ ಎಣ್ಣೆಯ ತೂಕ ಸುಮಾರು 910 ಗ್ರಾಂ ಮಾತ್ರ. ಆದುದರಿಂದ ಲೀಟರಿನ ಬೆಲೆಯನ್ನು ಕಿಲೋಗ್ರಾಂ ಬೆಲೆಯೊಂದಿಗೆ ನೇರವಾಗಿ ಹೋಲಿಸಬಾರದು.

ದೂರು ಸಲ್ಲಿಸುವ ವಿಧಾನ

ಖರೀದಿಯ ಬಿಲ್ಲನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು. ಕೊರತೆ ಕಂಡುಬಂದಲ್ಲಿ ಅಂಗಡಿಯ ಹೆಸರು, ಸ್ಥಳ, ದಿನಾಂಕ ಹಾಗೂ ವಸ್ತುವಿನ ವಿವರಗಳೊಂದಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸ್ಥಳೀಯ ನಿರೀಕ್ಷಕರಿಗೆ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪರಿಹಾರ ಬಯಸುವವರು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವನ್ನು ಸಂಪರ್ಕಿಸಬಹುದು.

ತಕ್ಕಡಿಯನ್ನು ನೋಡುವುದು ವ್ಯಾಪಾರಿಯನ್ನು ಅವಮಾನಿಸಿದಂತಲ್ಲ. ಸರಿಯಾಗಿ ತೂಗುವ ವ್ಯಾಪಾರಿಯು ಕಡಿಮೆ ತೂಗಿ ಕಡಿಮೆ ಬೆಲೆಗೆ ಮಾರುವವರೊಂದಿಗೆ ಸ್ಪರ್ಧಿಸಬೇಕಾಗುತ್ತದೆ. ಗ್ರಾಹಕರ ಎಚ್ಚರವು ಅಂತಹ ವ್ಯಾಪಾರಿಗೂ ರಕ್ಷಣೆ ನೀಡುತ್ತದೆ. ಸಾರ್ವಜನಿಕರು ಈ ಅಂಶಗಳನ್ನು ಮನೆಯ ಎಲ್ಲ ಸದಸ್ಯರಿಗೂ, ವಿಶೇಷವಾಗಿ ಅಂಗಡಿಗೆ ಹೋಗಿಬರುವ ಮಕ್ಕಳಿಗೂ ತಿಳಿಸಿಕೊಡುವುದು ಸೂಕ್ತ.