ಕರುಣ್ ಹೋಗಿದ್ದು ವಿದರ್ಭಕ್ಕೆ, ಸಂಕಟ ನಮಗೆ

ಕಾತ್ರಜದಲ್ಲಿ ಕೂತ ನನ್ನಂಥ ಕನ್ನಡಿಗನಿಗೆ ರಣಜಿ ಅಂದರೆ ಮೀಟಿಂಗ್ ನಡುವೆ ಮೊಬೈಲ್‌ನಲ್ಲಿ ಕದ್ದು ನೋಡುವ ಸ್ಕೋರ್. 2013–14ರ ಫೈನಲ್‌ನಲ್ಲಿ ಕರ್ನಾಟಕ ಸೋಲಿಸಿದ್ದು ಇದೇ ಮಹಾರಾಷ್ಟ್ರವನ್ನು. ಮರುವರ್ಷ ತಮಿಳುನಾಡು ವಿರುದ್ಧದ ಫೈನಲ್‌ನಲ್ಲಿ ಕರುಣ್ ನಾಯರ್ 328 ಹೊಡೆದರು. ಕಪ್ ಮತ್ತೆ ನಮ್ಮದೇ.

ಆಮೇಲೆ ತಂಡ ಸೋರತೊಡಗಿತು. 2017ರಲ್ಲಿ ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೆ, 2019ರಲ್ಲಿ ಆ ಎರಡೂ ಕಪ್ ಎತ್ತಿದ ನಾಯಕ ವಿನಯ್ ಕುಮಾರ್ ಪುದುಚೇರಿಗೆ, 2023ರಲ್ಲಿ ಕರುಣ್ ವಿದರ್ಭಕ್ಕೆ ಹೋದರು. 2025ರ ಫೈನಲ್‌ನಲ್ಲಿ ಕೇರಳದ ವಿರುದ್ಧ ಕರುಣ್ 86 ಮತ್ತು 135 ಗಳಿಸಿದರು, ಟ್ರೋಫಿ ವಿದರ್ಭದ ಪಾಲಾಯಿತು. ಆ ಋತುವಿನಲ್ಲಿ ಕರ್ನಾಟಕ ನಾಕೌಟ್ ಕೂಡ ತಲುಪಲಿಲ್ಲ.

ಹೋದವರನ್ನು ಬೈಯಲು ನನಗೆ ಬಾಯಿಲ್ಲ. ಎಂಟೆಕ್ ಮುಗಿಸಿ, ಕೆಲಸ ಸಿಕ್ಕ ಊರಿಗೆ ಬಂದವನೇ ನಾನೂ. ಸಿಟ್ಟು ಆಯ್ಕೆಯ ಧಾಟಿಯ ಮೇಲೆ. ಹೊಸ ಹುಡುಗರಿಗೆ ಜಾಗ ಬೇಕು, ಸರಿ. ಆದರೆ ಅವರಿಗೆ ನಾಲ್ಕು ದಿನದ ಆಟ ಕಲಿಸಲು ಪಕ್ಕದಲ್ಲಿ ಒಬ್ಬ ಹಿರಿಯ ಬೇಡವೇ? ಫಾರ್ಮ್ ಹೋದ ಆಟಗಾರನಿಗೆ ಬಾಗಿಲು ಮುಚ್ಚಿದರೆ, ಅವನ ಫಾರ್ಮ್ ಇನ್ನೊಬ್ಬರ ಅಂಗಳದಲ್ಲಿ ಮರಳುತ್ತದೆ.

ಕರುಣ್ 2025ರಲ್ಲಿ ಕರ್ನಾಟಕಕ್ಕೆ ವಾಪಸಾದರು. ಖುಷಿಯೇ. ಆದರೆ ಸ್ವಂತ ಮನೆಗೆ ಮರಳಲು ಪಕ್ಕದವರಿಗೆ ಕಪ್ ಗೆದ್ದುಕೊಟ್ಟು ತೋರಿಸಬೇಕಾಯಿತಲ್ಲ!