ಹೆಸರು ದೊಡ್ಡದು, ಆಟ ಸಪ್ಪೆ

1982ರಲ್ಲಿ ‘ಇ.ಟಿ.’ ಚಲನಚಿತ್ರವು ಜಗತ್ತನ್ನೇ ಮರುಳುಗೊಳಿಸಿತು. ಅದೇ ವರ್ಷ ಅಮೆರಿಕದ ಅಟಾರಿ ಕಂಪೆನಿಯು ಅದೇ ಹೆಸರಿನ ವಿಡಿಯೋ ಆಟವನ್ನು ಹೊರತಂದಿತು. ಕ್ರಿಸ್‌ಮಸ್ ಮಾರಾಟದ ಅವಸರ. ತಯಾರಿಗೆ ದೊರೆತದ್ದು ಸುಮಾರು ಐದೇ ವಾರ. ಹೆಸರಿನ ಬಲದಿಂದ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದುವು. ಆದರೆ ಪರದೆಯ ಮೇಲಿನ ಇ.ಟಿ. ಮತ್ತೆ ಮತ್ತೆ ಹೊಂಡಕ್ಕೆ ಬೀಳುತ್ತಿತ್ತು. ಏಕೆಂದು ತಿಳಿಯದೆ ಮಕ್ಕಳು ಬೇಸತ್ತರು. ಮಾರಾಟವಾಗದ ಹಲವು ಪ್ರತಿಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಹೂಳಲಾಯಿತು. 2014ರಲ್ಲಿ ಅಗೆದು ತೆಗೆಯಲಾಯಿತು.

ನಮ್ಮ ಚೆನ್ನೆಮಣೆಯಲ್ಲೂ 14 ಗುಳಿಗಳಿವೆ. ಆದರೆ ಸೋತವರಿಗೆ ಲೆಕ್ಕ ತಪ್ಪಿದ್ದು ಎಲ್ಲಿ ಎಂಬುದು ಗೊತ್ತು. ಆದುದರಿಂದಲೇ ಮತ್ತೊಂದು ಆಟಕ್ಕೆ ಕೂರುತ್ತಾರೆ.

ಪಾಠವೂ ಹಾಗೆಯೇ. ಕೆಂಪು ಗೆರೆ ಎಳೆಯುವ ನಾವು ತಪ್ಪೇನೆಂದು ತಿಳಿಸದಿದ್ದರೆ, ಮಕ್ಕಳು ಕನ್ನಡ ಪುಸ್ತಕವನ್ನೂ ಕೈಬಿಟ್ಟಾರು.