ಎರಡು ಚಮಚ ಗಂಜಿಯ ಲೆಕ್ಕ

"ನೀವೇ ಹೇಳಿ, ಎರಡು ಚಮಚ ಗಂಜಿ ಕುಡ್ಕೊಂಡು ಯಾರಾದ್ರೂ ಬದುಕ್ತಾರಾ?"

ನನ್ನ ಅತ್ತೆಯವರು ಹೀಗೆ ಕೇಳಿದಾಗ ಅವರ ಕಣ್ಣಲ್ಲಿ ನೀರಿತ್ತು. ಅವರ ಮಗ, ಅಂದರೆ ನನ್ನ ಭಾವಮೈದುನ, ತೂಕ ಇಳಿಸುವ ಶಸ್ತ್ರಕ್ರಿಯೆ ಮಾಡಿಸಿಕೊಂಡು ಮನೆಗೆ ಬಂದು ಎರಡು ದಿನವಾಗಿತ್ತು. 128 ಕಿಲೋ ತೂಕ, ಜೊತೆಗೆ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಪಥ್ಯ, ನಡಿಗೆ, ಮಾತ್ರೆ ಎಲ್ಲ ಮುಗಿದ ಮೇಲೆ ವೈದ್ಯರ ಸಲಹೆಯಂತೆ ಜಠರವನ್ನು ಕಿರಿದು ಮಾಡಿಸಿಕೊಂಡಿದ್ದ. ಆಸ್ಪತ್ರೆಯ ಆಹಾರತಜ್ಞೆ ಕೊಟ್ಟ ಹಾಳೆಯಲ್ಲಿ "ಒಂದು ಸಲಕ್ಕೆ 30 ಮಿಲಿಲೀಟರ್, ನಿಧಾನವಾಗಿ" ಎಂದಿತ್ತು. ಎರಡೂ ಹೊತ್ತು ಮುದ್ದೆ ಉಂಡು ಬೆಳೆದವರ ಮನೆ ಅದು. 30 ಮಿಲಿಲೀಟರ್ ಎಂದರೆ ಎಷ್ಟು ಎಂದು ತೋರಿಸಲು ಶಾಲೆಯ ಪ್ರಯೋಗಾಲಯದ ಅಳತೆ ಜಾಡಿಯನ್ನೇ ಒಯ್ದಿದ್ದೆ. ಅದರ ತಳದಲ್ಲಿ ನಿಂತ ಗಂಜಿಯನ್ನು ನೋಡಿ ಅತ್ತೆಯವರಿಗೆ ದುಃಖ ಇನ್ನೂ ಹೆಚ್ಚಾಯಿತು!

ಆದರೆ ಅವರು ಕೇಳಿದ್ದು ಒಳ್ಳೆಯ ವೈಜ್ಞಾನಿಕ ಪ್ರಶ್ನೆ. ಇಂದು ಇಂಥ ಶಸ್ತ್ರಕ್ರಿಯೆಗಳು ನಮ್ಮ ಊರುಗಳಲ್ಲೂ ನಡೆಯುತ್ತಿವೆ. ಹಾಗಾಗಿ ಉತ್ತರವನ್ನು ಮನೆಮಂದಿಯೆಲ್ಲ ತಿಳಿದಿರುವುದು ಒಳ್ಳೆಯದು.

ಜಠರಕ್ಕೆ ಏನಾಯಿತು?

ನಮ್ಮ ಜಠರ ಒಂದು ಹಿಗ್ಗುವ ಚೀಲ. ಹೊಟ್ಟೆ ಹಸಿದಿರುವಾಗ ಮಡಿಕೆ ಮಡಿಕೆಯಾಗಿ ಮುದುಡಿಕೊಂಡಿರುತ್ತದೆ. ಊಟಕ್ಕೆ ಕುಳಿತರೆ ಒಂದು ಲೀಟರಿಗೂ ಹೆಚ್ಚು ಹಿಡಿಯುವಷ್ಟು ಅಗಲವಾಗುತ್ತದೆ. ಹೀಗೆ ಹಿಗ್ಗುವ ಗುಣ ಹೆಚ್ಚಾಗಿರುವುದು ಅದರ ಮೇಲ್ಭಾಗದ ಗುಮ್ಮಟದಲ್ಲಿ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ 'ಸ್ಲೀವ್' ಎಂಬ ಶಸ್ತ್ರಕ್ರಿಯೆಯಲ್ಲಿ ಈ ಗುಮ್ಮಟವೂ ಸೇರಿದಂತೆ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದರಲ್ಲಿ ಸುಮಾರು 100ರಿಂದ 150 ಮಿಲಿಲೀಟರ್ ಹಿಡಿಯುತ್ತದೆ. ಒಂದು ಸಣ್ಣ ಲೋಟ ಕಾಫಿಯಷ್ಟು ಎನ್ನಿ.

'ಬೈಪಾಸ್' ಎಂಬುದು ಇನ್ನೊಂದು ವಿಧಾನ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಅದನ್ನು 1960ರ ದಶಕದಲ್ಲಿ ಆರಂಭಿಸಿದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡ ರೋಗಿಗಳು ಮತ್ತೆ ಸುಲಭವಾಗಿ ದಪ್ಪವಾಗುವುದಿಲ್ಲ ಎಂಬುದೇ ಅವರಿಗೆ ಸಿಕ್ಕ ಸುಳಿವು. ಈ ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ.

ಜಠರದ ಗುಮ್ಮಟಕ್ಕೆ ಇನ್ನೊಂದು ಕೆಲಸವೂ ಇದೆ. ಹಸಿವನ್ನು ಹುಟ್ಟಿಸುವ 'ಗ್ರೆಲಿನ್' ಎಂಬ ಹಾರ್ಮೋನು ಹೆಚ್ಚಾಗಿ ಅಲ್ಲೇ ತಯಾರಾಗುತ್ತದೆ. ಇದನ್ನು 1999ರಲ್ಲಿ ಕಂಡುಹಿಡಿದವರು ಜಪಾನಿನ ಕೊಜಿಮಾ ಮತ್ತು ಕಂಗಾವಾ. ಸ್ಲೀವ್ ಆದವರಿಗೆ ಮೊದಲ ಕೆಲವು ತಿಂಗಳು ಹಸಿವೇ ಅಷ್ಟಾಗಿ ಆಗದಿರಲು ಇದೂ ಒಂದು ಕಾರಣ. ನಮಗೆ ಕಾಣುವಂತೆ ಅವರು ಉಪವಾಸ. ಅವರಿಗೆ ಹಾಗೆ ಅನ್ನಿಸುವುದಿಲ್ಲ.

ಕಣಜದಲ್ಲಿ ಏನಿದೆ, ಏನಿಲ್ಲ?

ಈಗ ಅತ್ತೆಯವರ ಪ್ರಶ್ನೆಗೆ ಬರೋಣ. ಬೊಜ್ಜು ಎಂದರೆ ದೇಹದ ಕಣಜ. ಒಂದು ಕಿಲೋ ಬೊಜ್ಜಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಶಕ್ತಿ ಅಡಗಿದೆ. ದಿನಕ್ಕೆ 2,000 ಬೇಕಾದವನು 600 ಮಾತ್ರ ಉಂಡರೆ ಉಳಿದ 1,400ನ್ನು ದೇಹ ಕಣಜದಿಂದ ತೆಗೆದುಕೊಳ್ಳುತ್ತದೆ. ವಿದ್ಯಾರ್ಥಿಗಳೇ, ಭಾಗಿಸಿ ನೋಡಿ: ಐದೂವರೆ ದಿನಕ್ಕೆ ಒಂದು ಕಿಲೋ! ದೇಹ ತನ್ನ ಖರ್ಚನ್ನೂ ಕಡಿಮೆ ಮಾಡಿಕೊಳ್ಳುವುದರಿಂದ ನಿಜ ಜೀವನದಲ್ಲಿ ಲೆಕ್ಕ ಇಷ್ಟು ನೇರವಲ್ಲ. ಆದರೂ ಎರಡು ಚಮಚ ಗಂಜಿ ಕುಡಿದವನು ಬದುಕುವುದು ಹೀಗೆ.

ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಕಣಜದಲ್ಲಿರುವುದು ಕೊಬ್ಬು ಮಾತ್ರ. ಪ್ರೋಟೀನಿಗೆ ಅಂಥ ಉಗ್ರಾಣವಿಲ್ಲ. ಊಟದಲ್ಲಿ ಅದು ಸಿಗದಿದ್ದರೆ ದೇಹ ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಆದ್ದರಿಂದ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆನ್ನುತ್ತಾರೆ ತಜ್ಞರು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 200 ಮಿಲಿಲೀಟರ್ ಹಾಲಿನಲ್ಲಿ 6ಕ್ಕಿಂತ ತುಸು ಹೆಚ್ಚು, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ. 100 ಗ್ರಾಂ ಅನ್ನದಲ್ಲಾದರೋ ಎರಡೂವರೆ ಗ್ರಾಂ ಅಷ್ಟೇ. ಕಾಫಿ ಲೋಟದಷ್ಟು ಹೊಟ್ಟೆಯಲ್ಲಿ ಅನ್ನ ತುಂಬಿದರೆ ಬೇರೇನಕ್ಕೂ ಜಾಗವಿರುವುದಿಲ್ಲ. ಮೊದಮೊದಲು ವೈದ್ಯರು ಪ್ರೋಟೀನು ಪುಡಿ ಬರೆದುಕೊಡುವುದು ಇದಕ್ಕೇ.

ಬಿ1 ಜೀವಸತ್ವದ ದಾಸ್ತಾನು ಕೆಲವೇ ವಾರಗಳದು. ಪದೇ ಪದೇ ವಾಂತಿಯಾಗುತ್ತಿದ್ದರೆ ಅದು ಬೇಗ ಮುಗಿದು ಮಿದುಳು, ನರಗಳಿಗೆ ಪೆಟ್ಟು ಬೀಳಬಹುದು. ಕಣ್ಣಿಗೆ ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಅದರ ಲಕ್ಷಣಗಳು. ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿ12 ಇದಕ್ಕೆ ತದ್ವಿರುದ್ಧ. ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ಇರುತ್ತದೆ. ಆದರೆ ಅದನ್ನು ಹೀರಿಕೊಳ್ಳಲು ಜಠರದ ಗೋಡೆ ಸ್ರವಿಸುವ ಒಂದು ವಸ್ತು ಬೇಕು. ಜಠರವೇ ಕಿರಿದಾದಾಗ ಅದೂ ಕಡಿಮೆಯಾಗಿ ಕೊರತೆ ತಡವಾಗಿ ತಲೆಯೆತ್ತುತ್ತದೆ. "ಚೆನ್ನಾಗಿದ್ದೇನಲ್ಲ, ಮಾತ್ರೆ ಏಕೆ?" ಎಂದು ಬಿಟ್ಟವರು ಮೋಸ ಹೋಗುವುದು ಇಲ್ಲೇ. ಕಬ್ಬಿಣ, ಸುಣ್ಣ, ಡಿ ಜೀವಸತ್ವಗಳೂ ಸೇರಿ ಮಾತ್ರೆಗಳು ಜೀವನಪರ್ಯಂತ.

ಹಂತ ಹಂತವಾಗಿ

ಹಾಗಾದರೆ ಎಷ್ಟು ಉಣ್ಣಬೇಕು? ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ವ್ಯತ್ಯಾಸವಿದ್ದರೂ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ.

ಮೊದಲ ಒಂದೆರಡು ದಿನ ನೀರು, ಸೋಸಿದ ತಿಳಿಸಾರು. ನಂತರ ಎರಡನೆಯ ವಾರದವರೆಗೆ ಹಾಲು, ಮಜ್ಜಿಗೆ, ಬೇಳೆಕಟ್ಟು, ಸೋಸಿದ ಗಂಜಿ. ಒಂದು ಸಲಕ್ಕೆ ಎರಡರಿಂದ ನಾಲ್ಕು ದೊಡ್ಡ ಚಮಚ. ಮೂರು, ನಾಲ್ಕನೆಯ ವಾರ ನುಣ್ಣಗೆ ಕಿವುಚಿದ ಬೇಳೆ, ಮೊಸರು, ಮೊಟ್ಟೆ. ಐದು, ಆರನೆಯ ವಾರ ಮೆತ್ತಗಿನ ಇಡ್ಲಿ, ಬೆಂದ ತರಕಾರಿ. ಎರಡು ತಿಂಗಳಾದ ಮೇಲೆ ಮಾಮೂಲಿನ ಅಡುಗೆಯೇ, ಆದರೆ ಊಟಕ್ಕೆ ಅರ್ಧ ಬಟ್ಟಲು. ವರ್ಷ ತುಂಬುವ ಹೊತ್ತಿಗೆ ಹೆಚ್ಚೆಂದರೆ ಒಂದು ಬಟ್ಟಲು, ಅಂದರೆ 200ರಿಂದ 250 ಮಿಲಿಲೀಟರ್.

ನೀರಿನ ಲೆಕ್ಕ ಬೇರೆ. ದಿನಕ್ಕೆ ಒಂದೂವರೆ ಲೀಟರಾದರೂ ಬೇಕು. ಆದರೆ ಮೊದಲ ದಿನಗಳಲ್ಲಿ ಒಂದು ಸಲಕ್ಕೆ ಹಿಡಿಯುವುದು 30 ಮಿಲಿಲೀಟರ್! 1,500ನ್ನು 30ರಿಂದ ಭಾಗಿಸಿದರೆ 50 ಸಲ. ಎಚ್ಚರವಿರುವ 15 ಗಂಟೆಯಲ್ಲಿ 18 ನಿಮಿಷಕ್ಕೊಮ್ಮೆ. ನನ್ನ ಭಾವಮೈದುನನ ಮಗಳು ಆಗ ಏಳನೆಯ ತರಗತಿ. ಈ ಲೆಕ್ಕ ಮಾಡಿದವಳು ಅವಳೇ. ರಜೆಯ ದಿನಗಳಲ್ಲಿ ಗಡಿಯಾರ ನೋಡಿಕೊಂಡು ಅಪ್ಪನಿಗೆ ನೀರಿನ ಲೋಟ ಹಿಡಿಯುತ್ತಿದ್ದವಳೂ ಅವಳೇ. ಆದರೆ ಊಟದ ಜೊತೆಗೆ ನೀರು ಕುಡಿಯಬಾರದು. ಊಟವಾದ ಅರ್ಧ ಗಂಟೆಯ ಮೇಲೆ ಕುಡಿಯಬೇಕು.

ಮುದ್ದೆ ನುಂಗುವವನ ಪಾಡು

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನಲವತ್ತು ವರ್ಷ ಹಾಗೆ ಉಂಡವನು ಒಂದೊಂದು ತುತ್ತನ್ನೂ ಇಪ್ಪತ್ತು, ಮೂವತ್ತು ಸಲ ಅಗಿಯಲು ಕಲಿಯಬೇಕಾಯಿತು. ಮೂರನೆಯ ತಿಂಗಳಲ್ಲಿ ನೆಂಟರ ಗೃಹಪ್ರವೇಶ. ಪಂಕ್ತಿಯಲ್ಲಿ ಕುಳಿತಿದ್ದಾಗ ದೊಡ್ಡಮ್ಮ ಬಂದು "ಏನೋ ಮಗಾ, ಎಲೆ ಮೇಲೆ ಏನೂ ಕಾಣ್ತಿಲ್ಲ, ನಮ್ಮ ಮನೆ ಊಟ ರುಚಿಯಿಲ್ವಾ?" ಎಂದು ಅನ್ನ ಬಡಿಸಿಯೇಬಿಟ್ಟರು. ಸಂಕೋಚಕ್ಕೆ ನಾಲ್ಕು ತುತ್ತು ಬೇಗಬೇಗನೆ ಉಂಡ, ನೀರು ಕುಡಿದ. ಐದು ನಿಮಿಷದಲ್ಲಿ ಎದೆ ಹಿಡಿದುಕೊಂಡು ಎದ್ದ. ಬೆವರು, ಬಾಯಿತುಂಬ ಜೊಲ್ಲು, ಕೊನೆಗೆ ವಾಂತಿ. ಹೃದಯಾಘಾತವೇ ಆಯಿತೆಂದು ಮನೆಯವರೆಲ್ಲ ಗಾಬರಿ. ಆಸ್ಪತ್ರೆಯಲ್ಲಿ ಪರೀಕ್ಷಿಸಿದ ವೈದ್ಯರು ಹೃದಯಕ್ಕೇನೂ ಆಗಿಲ್ಲವೆಂದ ಮೇಲೆಯೇ ನಮಗೆ ಉಸಿರು ಬಂದದ್ದು.

ಕಾರಣ ಸರಳ. ಹಿಗ್ಗುವ ಗುಮ್ಮಟ ಹೋಗಿದೆ. ಉಳಿದ ಕೊಳವೆ ತುಂಬಿದ ಮೇಲೆ ಇನ್ನೊಂದು ತುತ್ತು ಸೇರಿದರೂ ಒಳಗಿನ ಒತ್ತಡ ಥಟ್ಟನೆ ಏರುತ್ತದೆ. ದೇಹ ಮುನ್ಸೂಚನೆ ಕೊಡದೆ ಇರುವುದಿಲ್ಲ. ಎದೆಮೂಳೆಯ ಕೆಳಗೆ ಭಾರ, ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುವುದು. ಇವು ಬಂದೊಡನೆ ಕೈ ತೊಳೆಯಬೇಕು. ಬೈಪಾಸ್ ಆದವರಿಗೆ ಇನ್ನೊಂದು ತೊಡಕಿದೆ. ಹೋಳಿಗೆ, ಪಾಯಸದ ಸಕ್ಕರೆ ಒಮ್ಮೆಲೇ ಸಣ್ಣಕರುಳಿಗೆ ಸುರಿದು ಎದೆಬಡಿತ, ತಲೆಸುತ್ತು, ಭೇದಿ ಆಗುತ್ತವೆ. ವೈದ್ಯರು ಇದನ್ನು 'ಡಂಪಿಂಗ್' ಎನ್ನುತ್ತಾರೆ.

ವರ್ಷ ಕಳೆದಂತೆ ಹಸಿವು ಸ್ವಲ್ಪ ಮರಳುತ್ತದೆ, ಜಠರವೂ ಒಂದಿಷ್ಟು ಹಿಗ್ಗುತ್ತದೆ. ಆಗ ಅಪಾಯ ಹೆಚ್ಚಾಗಿ ಮುದ್ದೆ, ಅನ್ನದಿಂದಲ್ಲ. ಸಲೀಸಾಗಿ ಇಳಿದುಹೋಗುವ ಐಸ್‌ಕ್ರೀಮ್, ಹಣ್ಣಿನ ರಸ, ಸಿಹಿ ಪಾನೀಯ, ಚಿಪ್ಸುಗಳಿಂದ. ಇವು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಸುವುದಿಲ್ಲ, ಕಣಜವನ್ನು ಮಾತ್ರ ತುಂಬಿಸುತ್ತವೆ.

ಬಡಿಸುವವರಿಗೆ ಎರಡು ಮಾತು

ಇಂಥವರು ಮನೆಯಲ್ಲಿದ್ದರೆ ಬಡಿಸುವ ಕ್ರಮವನ್ನು ತಿರುಗಿಸಿ. ಮೊದಲು ಬೇಳೆ, ಮೊಟ್ಟೆ ಅಥವಾ ಪನೀರು, ಆಮೇಲೆ ಪಲ್ಯ, ಕೊನೆಗೆ ಜಾಗವಿದ್ದರೆ ಅನ್ನ. ಸಣ್ಣ ತಟ್ಟೆ, ಸಣ್ಣ ಚಮಚ ಇಡಿ. ಇಪ್ಪತ್ತು, ಮೂವತ್ತು ನಿಮಿಷ ನಿಧಾನವಾಗಿ ಉಣ್ಣಲು ಬಿಡಿ. ನೀರೂ ನಿಲ್ಲದಷ್ಟು ವಾಂತಿ, ಜ್ವರ, ತೀವ್ರ ಹೊಟ್ಟೆನೋವು ಇದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. ಅಳತೆಯ ವಿಷಯದಲ್ಲಿ ಅವರವರ ವೈದ್ಯರು ಕೊಟ್ಟ ಹಾಳೆಯೇ ಅಂತಿಮ. ಮಕ್ಕಳೇ, "ಇಷ್ಟೇನಾ ಊಟ?" ಎಂದು ನೀವು ನಗಬೇಡಿ.

ಭಾವಮೈದುನನ ತೂಕ ಈಗ 86 ಕಿಲೋ. ಕಳೆದ ಯುಗಾದಿಗೆ ಅವರ ಮನೆಗೆ ಹೋಗಿದ್ದೆ. ಯಾರೋ ಅವನ ಎಲೆಗೆ ಎರಡನೆಯ ಒಬ್ಬಟ್ಟು ಹಾಕಲು ಬಗ್ಗಿದರು. ಒಳಗಿನಿಂದ ಅತ್ತೆಯವರ ದನಿ ಬಂತು: "ಬಲವಂತ ಮಾಡ್ಬೇಡಿ. ಅವನ ಅಳತೆ ಅವನಿಗೆ ಗೊತ್ತು."

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ ಹಿರಿಯರು. ಬಡಿಸುವವರೂ ಬಲ್ಲವರಾಗಿರಬೇಕು.